ಬಯಲಿನಲ್ಲಿ ನಿಲ್ಲುವ ಎರಕಗಳಿಗೆ ಪೂರಕ ಮತ್ತು ಬಲವರ್ಧಕ ದ್ರವ್ಯಗಳ ಆಯ್ಕೆ: ವಿಜಯಪುರ ಜಿಲ್ಲೆಯ ನಾಲ್ಕು ಸೀಮೆಗಳನ್ನು ಕುರಿತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳ ಹಳೆಯ ಮಣ್ಣಿನ ಮಾಳಿಗೆಗಳನ್ನು ಬಲ್ಲವರಿಗೆ ಸವಳು ಮಣ್ಣಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಮಳೆಗಾಲ ಬರುವುದಕ್ಕೆ ಮೊದಲು ಮೇಲ್ಮುದ್ದೆಯ ಮೇಲೆ ಈ ಮಣ್ಣನ್ನು ಹರಡುವ ರೂಢಿ ಬಹು ಕಾಲದಿಂದ ನಡೆದುಬಂದಿದೆ. ಬೆಳೆಗೆ ಬಾರದ ಮಣ್ಣು ಮಾಳಿಗೆಗೆ ಬರುವುದೇಕೆ? ಈ ಮಣ್ಣಿನ ಜೇಡಿಯ ಕಣಗಳಿಗೆ ಸೋಡಿಯಂ ಅಯಾನುಗಳು ಅಂಟಿಕೊಂಡಿರುತ್ತವೆ. ಮಳೆಯ ಸಿಹಿನೀರು ತಾಗಿದೊಡನೆ ಕಣಗಳು ಒಂದರಿಂದೊಂದು ಬಿಡಿಬಿಡಿಯಾಗಿ ಚದುರಿ, ಉಬ್ಬಿ, ಕೆಳಗಿನ ಮಣ್ಣಿನ ರಂಧ್ರಗಳೊಳಗೆ ಸೇರಿ ಅವನ್ನು ಮುಚ್ಚಿಬಿಡುತ್ತವೆ. ಆ ಬಳಿಕ ನೀರು ಒಳಕ್ಕೆ ಇಳಿಯಲಾರದೆ ಹರಿದುಹೋಗುತ್ತದೆ. ನೀರನ್ನು ಕುಡಿದು ಉಬ್ಬುವ ಗುಣವೇ ಅಲ್ಲಿ ಉಪಕಾರಿ.

ಇದೇ ಗುಣವು ಸಿಮೆಂಟಿನ ಎರಕದೊಳಗೆ ಸೇರಿಕೊಂಡರೆ ಏನಾಗುವುದೆಂಬುದು ಪ್ರಸ್ತುತ ಲೇಖನದ ವಿಷಯ. ಮಾಳಿಗೆಯ ಮೇಲಿನ ಮಣ್ಣಿಗೆ ಉಬ್ಬಲು ಮೇಲುಗಡೆ ಬಯಲಿದೆ. ಗಟ್ಟಿಯಾದ ಎರಕದೊಳಗೆ ಸಿಕ್ಕಿದ ಕಣಕ್ಕೆ ಅಂಥ ಬಯಲಿಲ್ಲ. ಅದು ಉಬ್ಬಿದರೆ ಎರಕವು ಬಿರಿಯಬೇಕು.

ಈ ನಾಲ್ಕು ಹೆಸರುಗಳನ್ನು ನಾವು ಹಳೆಯ ತಾಲ್ಲೂಕುಗಳ ಅರ್ಥದಲ್ಲಿ ಬಳಸಿದ್ದೇವೆ. ಈಚಿನ ವರ್ಷಗಳಲ್ಲಿ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಇವುಗಳಿಂದ ಬೇರ್ಪಟ್ಟು ತಾಲ್ಲೂಕುಗಳಾಗಿವೆ. ಆದರೆ ಭೂಮಿಯ ಗುಣವು ಆಡಳಿತದ ಗೆರೆಗಳನ್ನು ಅನುಸರಿಸುವುದಿಲ್ಲವಷ್ಟೆ. ಈ ಸೀಮೆಯ ಊರುಗಳ ವೃತ್ತಗಳಲ್ಲಿ ಬಸವಣ್ಣನವರ ಮೂರ್ತಿಗಳು, ಗುಡಿಗಳ ಮುಂದೆ ನಂದಿಗಳು, ಅಗಸೆಯ ಕಮಾನುಗಳು, ಮನೆಯಂಗಳದ ತುಳಸಿಕಟ್ಟೆಗಳು, ದನಗಳಿಗೆ ನೀರು ಕುಡಿಸುವ ದೋಣಿಗಳು, ಶಾಲೆಯ ಕಂಪೌಂಡಿನ ಜಾಲಂಧ್ರಗಳು ಎಲ್ಲವೂ ಇಂದು ಅಚ್ಚಿನಲ್ಲಿ ಎರೆದವು. ಆಲಮಟ್ಟಿ ಅಣೆಕಟ್ಟಿನ ಬಳಿಯ ಉದ್ಯಾನದಲ್ಲಿ ಪ್ರಾಣಿಪಕ್ಷಿಗಳ ಆಕೃತಿಗಳನ್ನು ನೋಡಲು ಜನರು ದೂರದಿಂದ ಬರುತ್ತಾರೆ. ವಿಜಯಪುರದ ಹತ್ತಿರ 2006ರಲ್ಲಿ ಸ್ಥಾಪಿತವಾದ 85 ಅಡಿಯ ಶಿವನ ಮೂರ್ತಿಯೂ ಸಿಮೆಂಟು ಮತ್ತು ಉಕ್ಕಿನದೇ. ದೊಡ್ಡ ಕೆಲಸಗಳಿಗೆ ಎಂಜಿನಿಯರುಗಳ ಮೇಲ್ವಿಚಾರಣೆ ಇರುತ್ತದೆ. ಊರವರು ವಂತಿಗೆ ಕೂಡಿಸಿ ಮಾಡಿಸುವ ಐದಾರು ಅಡಿಯ ಮೂರ್ತಿಗೆ ಅದು ಇರುವುದಿಲ್ಲ. ಅಂಥ ಮೂರ್ತಿಗಳ ತೋಳಿನ ಉದ್ದಕ್ಕೆ ಕಂದುಬಣ್ಣದ ಗೆರೆ ಮೂಡಿ, ಗೆರೆಯು ಬಿರುಕಾಗಿ, ಕೊನೆಗೆ ಚಕ್ಕೆ ಕಳಚಿ ಒಳಗಿನ ಸರಳು ಕಾಣುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಪೂಜ್ಯರೆಂದು ಸ್ಥಾಪಿಸಿದವರ ಮುಖದ ಮೇಲೆ ಇಂಥ ಗೆರೆ ಮೂಡಿದಾಗ ಊರಿಗೆ ಆಗುವ ನೋವು ಹಣದ ನಷ್ಟಕ್ಕಿಂತ ಹೆಚ್ಚಿನದು. ಪ್ರತಿ ವರ್ಷ ಬಣ್ಣ ಬಳಿದು ಮರೆಮಾಡುವುದರಿಂದ ರೋಗವು ಒಳಗೇ ಬೆಳೆಯುವುದು.

ಮಳೆ ಕಡಿಮೆಯಾದ ಸೀಮೆಯಲ್ಲಿ ತೇವದ ಚಿಂತೆ ಏಕೆ ಎಂದು ಕೇಳಬಹುದು. ಈ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಅದರಲ್ಲಿಯೂ ಸೆಪ್ಟೆಂಬರ್ ತಿಂಗಳ ಪಾಲು ದೊಡ್ಡದು. ಬೇಸಗೆಯಲ್ಲಿ ತಾಪವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆದರೆ ಎರಕಕ್ಕೆ ಹಾನಿ ತರುವುದು ಮಳೆಯ ಮೊತ್ತವಲ್ಲ, ನೆನೆಯುವಿಕೆ ಮತ್ತು ಒಣಗುವಿಕೆಗಳ ಸರದಿ. ಸಿಮೆಂಟಿನ ರಂಧ್ರಗಳೊಳಗಿನ ದ್ರವವು ತೀವ್ರ ಕ್ಷಾರೀಯವಾದುದು; ಅದರ ಪಿಎಚ್ ಮೌಲ್ಯ 12.5ಕ್ಕಿಂತ ಹೆಚ್ಚು. ಈ ಕ್ಷಾರದ ನೆರಳಿನಲ್ಲಿ ಉಕ್ಕಿನ ಮೇಲೆ ತೆಳುವಾದ ರಕ್ಷಕ ಪೊರೆಯೊಂದು ಉಂಟಾಗಿ ತುಕ್ಕನ್ನು ತಡೆಯುತ್ತದೆ. ಗಾಳಿಯ ಇಂಗಾಲದ ಡೈ ಆಕ್ಸೈಡು ಒಳಹೊಕ್ಕು ಸುಣ್ಣದೊಡನೆ ಸೇರಿ ಈ ಕ್ಷಾರವನ್ನು ತಗ್ಗಿಸುತ್ತ ಬರುತ್ತದೆ. ಪಿಎಚ್ 9ರ ಸುಮಾರಿಗೆ ಇಳಿದಾಗ ಪೊರೆಯು ಉಳಿಯುವುದಿಲ್ಲ. ಈ ಕಾರ್ಬೊನೀಕರಣವು ನೀರು ತುಂಬಿದ ಎರಕದಲ್ಲಿ ಬಹಳ ನಿಧಾನ, ಪೂರ್ತಿ ಒಣಗಿದುದರಲ್ಲಿಯೂ ನಿಧಾನ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 50ರಿಂದ 70ರವರೆಗೆ ಇರುವಾಗ ಅತಿ ವೇಗ. ತುಕ್ಕಿಗಾದರೋ ನೀರು ಬೇಕು. ವರ್ಷದ ಹೆಚ್ಚು ಭಾಗ ಒಣಗಿದ್ದು, ನಡುವೆ ಕೆಲವು ವಾರ ನೆನೆಯುವ ಪ್ರದೇಶದಲ್ಲಿ ಒಣ ಕಾಲವು ರಕ್ಷಣೆಯನ್ನು ಕಳೆಯುತ್ತದೆ, ಮಳೆಗಾಲವು ತುಕ್ಕನ್ನು ತರುತ್ತದೆ. ಆದಕಾರಣ ಕರಾವಳಿಯ ಮುರುಡೇಶ್ವರಕ್ಕೆ ಬೇಕಾದ ಎಚ್ಚರಿಕೆ ಇಂಡಿಗೆ ಬೇಡವೆಂದು ತಿಳಿಯುವುದು ಸರಿಯಲ್ಲ. ಅಲ್ಲಿ ಉಪ್ಪು ಗಾಳಿಯಲ್ಲಿದೆ. ಇಲ್ಲಿ ನೆಲದಲ್ಲಿಯೂ ಬಾವಿಯ ನೀರಿನಲ್ಲಿಯೂ ಇದೆ.

ಡೋಣಿ ನದಿಯ ಕಣಿವೆಯ ಉಪ್ಪುನೀರು ಜಿಲ್ಲೆಯವರೆಲ್ಲರಿಗೂ ಗೊತ್ತಿರುವ ಸಂಗತಿ. ಇದರ ಮೇಲೆ, 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟು ಮತ್ತು ನಾರಾಯಣಪುರ ಎಡದಂಡೆಯ ಇಂಡಿ ಶಾಖಾ ಕಾಲುವೆಗಳಿಂದ ನೀರಾವರಿ ಬಂದಿದೆ. ನೀರಾವರಿ ಬಂದ ಎರೆಭೂಮಿಯಲ್ಲಿ, ಬಸಿಗಾಲುವೆ ಸಾಲದ ಕಡೆ, ಅಂತರ್ಜಲವು ಮೇಲಕ್ಕೇರಿ ಲವಣಗಳನ್ನು ಮೇಲ್ಪದರಕ್ಕೆ ತರುವುದು ಎಲ್ಲ ದೇಶಗಳ ಅನುಭವ. ನೆಲದ ಮೇಲೆ ಕುಳಿತ ಎರಕವು ಈ ನೀರನ್ನು ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ನೀರು ಆರಿಹೋಗುತ್ತದೆ, ಲವಣವು ಉಳಿದು ಹರಳುಗಟ್ಟಿ ಹೊರಮೈಯನ್ನು ಪುಡಿಮಾಡುತ್ತದೆ. ಪೀಠದ ಬುಡದಿಂದ ಒಂದೆರಡು ಅಡಿ ಎತ್ತರದವರೆಗೆ ಗಾರೆ ಉದುರಿರುವ ಗೋಡೆಗಳು ಇದಕ್ಕೆ ಸಾಕ್ಷಿ.

ಈಗ ದ್ರವ್ಯಗಳ ವಿಚಾರಕ್ಕೆ ಬರೋಣ. ಎರಕವೊಂದರಲ್ಲಿ ಮೂರು ಭಾಗಗಳುಂಟು: ಅಂಟಿಸುವ ಬಂಧಕ, ಗಾತ್ರವನ್ನು ತುಂಬುವ ಪೂರಕ, ಎಳೆತವನ್ನು ತಾಳುವ ಬಲವರ್ಧಕ. ಸಿಮೆಂಟಾಗಲಿ ರಾಳವಾಗಲಿ ಬಂಧಕವನ್ನು ಕೊಳ್ಳುವಾಗ ಜನರು ವಿಚಾರಿಸುತ್ತಾರೆ; ಪೂರಕವು ಅಗ್ಗದ ವಸ್ತುವಾದುದರಿಂದ ಹತ್ತಿರದಲ್ಲಿ ಸಿಕ್ಕಿದುದನ್ನು ಹಾಕುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಗಾತ್ರದ ಬಹುಪಾಲು ಪೂರಕದ್ದೇ ಆಗಿರುವಾಗ ತೇವದ ಎದುರು ಎರಕದ ನಡತೆಯನ್ನು ಬಹುಮಟ್ಟಿಗೆ ಅದೇ ನಿರ್ಣಯಿಸುವುದು. ಪೂರಕವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅದು ಎಷ್ಟು ಗಟ್ಟಿ ಎಂಬುದಲ್ಲ. ನೆನೆದಾಗ ಅದರ ಗಾತ್ರ ಬದಲಾಗುವುದೇ ಎಂಬುದು.

ಎರೆಮಣ್ಣಿನ ಮುಖ್ಯ ಖನಿಜವಾದ ಮಾಂಟ್‌ಮೊರಿಲೊನೈಟು ಪದರಪದರವಾದ ರಚನೆಯುಳ್ಳದ್ದು. ಇದರ ಪದರಗಳ ನಡುವೆ ನೀರು ಹೊಕ್ಕು ಅವನ್ನು ದೂರ ಸರಿಸುತ್ತದೆ, ಒಣಗಿದಾಗ ಅವು ಮತ್ತೆ ಕೂಡುತ್ತವೆ. ಬೇಸಗೆಯಲ್ಲಿ ಹೊಲಗಳು ಬಿರಿದು ನಿಲ್ಲುವುದು ಇದರಿಂದಲೇ. ಕೃಷ್ಣೆಯ ಅಥವಾ ಭೀಮೆಯ ಉಸುಕಿನಲ್ಲಿ ಈ ಜೇಡಿ ಸ್ವಲ್ಪವೇ ಸೇರಿದ್ದರೂ ಅದು ಉಸುಕಿನ ಕಣಕ್ಕೂ ಸಿಮೆಂಟಿಗೂ ನಡುವೆ ಪೊರೆಯಾಗಿ ನಿಂತು ಅಂಟನ್ನು ಕೆಡಿಸುತ್ತದೆ, ಕಲಸುವ ನೀರಿನ ಬೇಡಿಕೆಯನ್ನು ಹೆಚ್ಚಿಸುತ್ತದೆ. ಆ ಹೆಚ್ಚಿನ ನೀರು ಆರಿಹೋದ ಮೇಲೆ ಉಳಿಯುವ ರಂಧ್ರಗಳೇ ಮುಂದೆ ಮಳೆನೀರಿನ ದಾರಿಗಳು. ಭಾರತೀಯ ಮಾನಕ 383ರ ಪ್ರಕಾರ ನೈಸರ್ಗಿಕ ಉಸುಕಿನಲ್ಲಿ 75 ಮೈಕ್ರಾನಿಗಿಂತ ಸಣ್ಣ ಕಣಗಳು ತೂಕದಲ್ಲಿ ಶೇಕಡಾ 3ನ್ನು ಮೀರಕೂಡದು. ಕಲ್ಲನ್ನು ಅರೆದು ಮಾಡಿದ ಉಸುಕಿಗೆ ಶೇಕಡಾ 15ರವರೆಗೆ ರಿಯಾಯಿತಿ ಇದೆ, ಏಕೆಂದರೆ ಅಲ್ಲಿಯ ಸಣ್ಣ ಕಣವು ಕಲ್ಲಿನ ಪುಡಿಯೇ ಹೊರತು ಜೇಡಿಯಲ್ಲವೆಂಬ ನಂಬಿಕೆ.

ಈ ನಂಬಿಕೆಯು ನಮ್ಮ ಕರಿಕಲ್ಲಿನ ವಿಷಯದಲ್ಲಿ ಯಾವಾಗಲೂ ನಿಜವಾಗದು. ಇಂಡಿ, ಸಿಂದಗಿಗಳ ಕೆಳಗಿರುವುದು ಬಹುಪಾಲು ದಖ್ಖನದ ಬಸಾಲ್ಟು. ಲಾವಾ ಹರಿವಿನ ನಡುಭಾಗದ ದಟ್ಟವಾದ ಕಲ್ಲು ಉತ್ತಮ ಪೂರಕ. ಅದು ಹೀರುವ ನೀರು ತೂಕದಲ್ಲಿ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ. ಹರಿವಿನ ಮೇಲ್ಭಾಗದ ತೂತುತೂತಾದ ಕಲ್ಲಿನ ಮಾತು ಬೇರೆ. ಅದರ ಗುಳಿಗಳಲ್ಲಿ ತರುವಾಯ ಬಂದ ಖನಿಜಗಳು ತುಂಬಿಕೊಂಡಿರುತ್ತವೆ. ಶಿಥಿಲವಾದ ಕಲ್ಲಿನಲ್ಲಿ ಹಸುರು ಛಾಯೆಯ ಉಬ್ಬುವ ಜೇಡಿಯೂ ಇರುತ್ತದೆ. ಇಂಥ ಕಲ್ಲನ್ನು ಅರೆದ ಪುಡಿಯು ಕಣ್ಣಿಗೆ ಒಳ್ಳೆಯ ಕಲ್ಲಿನ ಪುಡಿಯಂತೆಯೇ ಕಾಣುವುದು.

ಇದನ್ನು ಪತ್ತೆಹಚ್ಚಲು ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. 425 ಮೈಕ್ರಾನಿನ ಜರಡಿಯಲ್ಲಿ ಇಳಿದ ಒಣ ಪುಡಿಯನ್ನು ಹತ್ತು ಹತ್ತು ಗ್ರಾಮಿನಂತೆ ಎರಡು ಪಾಲು ಮಾಡಿ, 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಲ್ಲಿ ಹಾಕಬೇಕು. ಒಂದಕ್ಕೆ ಶುದ್ಧ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಗಾಳಿಯ ಗುಳ್ಳೆ ಹೋಗುವಂತೆ ಕಲಕಿ, 24 ಗಂಟೆ ಬಿಡಬೇಕು. ಸೀಮೆಎಣ್ಣೆ ಜೇಡಿಯನ್ನು ಉಬ್ಬಿಸುವುದಿಲ್ಲ, ನೀರು ಉಬ್ಬಿಸುತ್ತದೆ. ಎರಡು ಜಾಡಿಗಳಲ್ಲಿ ತಳಕ್ಕೆ ಇಳಿದ ಪುಡಿಯ ಗಾತ್ರಗಳ ವ್ಯತ್ಯಾಸವನ್ನು ಸೀಮೆಎಣ್ಣೆಯ ಜಾಡಿಯ ಗಾತ್ರದಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವುದೇ ಮುಕ್ತ ಉಬ್ಬರದ ಸೂಚ್ಯಂಕ. ಮಣ್ಣಿಗಾಗಿ ರೂಪಿಸಿದ ಈ ಪರೀಕ್ಷೆಯನ್ನು ಪೂರಕದ ಪುಡಿಗೂ ಅನ್ವಯಿಸಬೇಕೆಂಬುದು ನಮ್ಮ ಸಲಹೆ. ನೀರಿನ ಜಾಡಿಯ ಪುಡಿ ಸ್ಪಷ್ಟವಾಗಿ ಮೇಲಕ್ಕೆ ನಿಂತರೆ ಅಂಥ ಪುಡಿಯನ್ನು ಮೂರ್ತಿಗೆ ಬಳಸತಕ್ಕದ್ದಲ್ಲ. ಅಂಗಡಿಯವನ ಮಾತಿಗಿಂತ ಈ ಎರಡು ಜಾಡಿಗಳ ಮಾತು ನಂಬತಕ್ಕದ್ದು.

ಬಸಾಲ್ಟಿನ ಗುಳಿಗಳಲ್ಲಿ ಸಿಗುವ ಚಾಲ್ಸಿಡೊನಿ ಎಂಬ ಸೂಕ್ಷ್ಮ ಹರಳಿನ ಸಿಲಿಕವು ನದಿಯ ಉಸುಕಿನಲ್ಲಿಯೂ ಬೆಣಚಿನಂತೆ ಹೊಳೆಯುತ್ತ ಬರುವುದುಂಟು. ಇದು ನೋಡಲು ಚೆಲುವಾದುದರಿಂದ ಅಲಂಕಾರಕ್ಕಾಗಿ ಎರಕದ ಹೊರಮೈಯಲ್ಲಿ ಸೇರಿಸುವ ಆಸೆ ಹುಟ್ಟುತ್ತದೆ. ಆದರೆ ಸಿಮೆಂಟಿನ ಕ್ಷಾರಗಳು ಇಂಥ ಸಿಲಿಕದೊಡನೆ ವರ್ತಿಸಿ ಅಂಟಿನಂಥ ವಸ್ತುವೊಂದನ್ನು ಹುಟ್ಟಿಸಬಲ್ಲವು. ಆ ಅಂಟು ನೀರನ್ನು ಹೀರಿ ಉಬ್ಬಿ, ವರ್ಷಗಳ ತರುವಾಯ ಎರಕದ ಮೈಯಲ್ಲಿ ಜಾಲದಂಥ ಬಿರುಕುಗಳನ್ನು ಮೂಡಿಸುತ್ತದೆ. ಈ ವಿಕಾರವನ್ನು ಕ್ಯಾಲಿಫೋರ್ನಿಯದಲ್ಲಿ ಸ್ಟ್ಯಾಂಟನ್ ಅವರು 1940ರಲ್ಲಿ ಮೊದಲು ವಿವರಿಸಿದರು. ಇದಕ್ಕೆ ಕ್ಷಾರ, ಸಿಲಿಕ, ತೇವ ಮೂರೂ ಕೂಡಬೇಕು. ಮನೆಯೊಳಗಿನ ಎರಕದಲ್ಲಿ ಸುಮ್ಮನಿರುವ ಹರಳು ಬಯಲಿನಲ್ಲಿ ಸುಮ್ಮನಿರಲಾರದು.

ಪೂರ್ವದ ಕಡೆಗೆ ಹೋದಂತೆ ನೆಲದ ಶಿಲೆ ಬದಲಾಗುತ್ತದೆ. ತಾಳಿಕೋಟೆಯ ಸುತ್ತಿನಲ್ಲಿ ಭೀಮಾ ಶಿಲಾಸಮೂಹದ ಸುಣ್ಣಕಲ್ಲು ಮೇಲಕ್ಕೆ ಕಾಣುತ್ತದೆ. ಮನೆಗಳಿಗೆ ಹಾಸುವ ಫರಸಿಯೆಂದು ಅದು ಸುಪರಿಚಿತ. ಫರಸಿಯನ್ನು ಕೊಯ್ದು ನಯಗೊಳಿಸುವಾಗ ಬೀಳುವ ಪುಡಿಯನ್ನು ಜನರು ಕಸವೆಂದು ಬಗೆಯುತ್ತಾರೆ. ನಮಗೆ ತೋರುವಂತೆ ಈ ಸೀಮೆಯ ಸಣ್ಣ ಎರಕಗಳಿಗೆ ಇದಕ್ಕಿಂತ ತಕ್ಕ ನಯವಾದ ಪೂರಕವು ಹತ್ತಿರದಲ್ಲಿ ಬೇರೊಂದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟು ನೆನೆದರೆ ಉಬ್ಬುವುದಿಲ್ಲ, ಕ್ಷಾರದೊಡನೆ ಜಗಳಕ್ಕೆ ಹೋಗುವುದಿಲ್ಲ, ಸಿಮೆಂಟಿನ ಕಣಗಳ ನಡುವಣ ಎಡೆಯನ್ನು ತುಂಬಿ ರಂಧ್ರಗಳನ್ನು ಕಿರಿದುಗೊಳಿಸುತ್ತದೆ. ಕೆಲವು ಪದರಗಳಲ್ಲಿ ಜೇಡಿಯ ಎಳೆಗಳು ಇರುವುದುಂಟು. ಅದನ್ನು ಮೇಲಿನ ಜಾಡಿಗಳೇ ತಿಳಿಸುತ್ತವೆ. ದುರ್ಬಲ ಆಮ್ಲದ ಹನಿಗೆ ಬುರುಬುರು ನೊರೆ ಬಂದು ಹೆಚ್ಚು ಕೆಸರು ಉಳಿಯದಿದ್ದರೆ ಕಲ್ಲು ಶುದ್ಧವೆಂದು ತಿಳಿಯಬಹುದು.

ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಯು ಕೇವಲ ಎಡೆ ತುಂಬುವ ಪೂರಕವಲ್ಲ. ಸಿಮೆಂಟು ಗಟ್ಟಿಯಾಗುವಾಗ ಹೊರಬರುವ ಸುಣ್ಣದೊಡನೆ ಕೂಡಿ ತಾನೂ ಬಂಧಕವಾಗುತ್ತದೆ. ಇದರಿಂದ ರಂಧ್ರಗಳು ಸೂಕ್ಷ್ಮವಾಗುತ್ತವೆ, ನೆಲದ ಸಲ್ಫೇಟುಗಳಿಗೂ ಮೇಲೆ ಹೇಳಿದ ಸಿಲಿಕದ ವಿಕಾರಕ್ಕೂ ತಡೆಯುಂಟಾಗುತ್ತದೆ. ಆದರೆ ಇದನ್ನು ಸರ್ವರೋಗದ ಮದ್ದೆಂದು ಭಾವಿಸಬಾರದು. ಬೂದಿಯು ಸುಣ್ಣವನ್ನು ವೆಚ್ಚಮಾಡುವುದರಿಂದ, ಸಾಕಷ್ಟು ದಿನ ನೀರುಣಿಸದೆ ಬಿಟ್ಟ ಎರಕದಲ್ಲಿ ಕಾರ್ಬೊನೀಕರಣವು ಬೇಗ ಒಳಸರಿಯುತ್ತದೆ. ಹದಿನಾಲ್ಕು ದಿನ ನೀರುಣಿಸಲಾರದವರು ಸರಳು ಹಾಕಿದ ಎರಕದಲ್ಲಿ ಹಾರುಬೂದಿಯನ್ನು ಬಳಸದಿರುವುದೇ ಲೇಸು.

ಹಾರುಬೂದಿ ಬರುವುದಕ್ಕೆ ಶತಮಾನಗಳ ಮುಂಚೆ ಈ ಕೆಲಸವನ್ನು ಸುರ್ಕಿ, ಅಂದರೆ ಇಟ್ಟಿಗೆಯ ಪುಡಿ ಮಾಡುತ್ತಿತ್ತು. ಹಸಿ ಜೇಡಿಯನ್ನು 600ರಿಂದ 800 ಡಿಗ್ರಿಗಳವರೆಗೆ ಸುಟ್ಟಾಗ ಅದರ ಪದರಗಳ ರಚನೆ ಮುರಿದು, ನೀರು ಕುಡಿದು ಉಬ್ಬುವ ಗುಣವು ಮತ್ತೆ ಬಾರದಂತೆ ಹೋಗುತ್ತದೆ. ಅದಕ್ಕೆ ಬದಲಾಗಿ ಸುಣ್ಣದೊಡನೆ ಕೂಡುವ ಗುಣವು ಬರುತ್ತದೆ. ಹಸಿಯಾಗಿದ್ದಾಗ ಎರಕಕ್ಕೆ ಹಗೆಯಾದ ಮಣ್ಣು ಸುಟ್ಟಾಗ ಹೀಗೆ ನೆಂಟನಾಗುವುದು. ಎರೆಭೂಮಿಯಲ್ಲಿ ಸಿಗುವ ಸುಣ್ಣದ ಹರಳನ್ನು ಸುಟ್ಟು ತೆಗೆದ ಸುಣ್ಣದಲ್ಲಿ ಜೇಡಿಯ ಅಂಶವಿರುವುದರಿಂದ ಅದು ನೀರಿನಲ್ಲಿಯೂ ಸ್ವಲ್ಪಮಟ್ಟಿಗೆ ಗಟ್ಟಿಯಾಗಬಲ್ಲುದು. ಅದೇ ಹರಳು ಇಟ್ಟಿಗೆಯ ಮಣ್ಣಿನಲ್ಲಿ ಉಳಿದುಹೋದರೆ ಮಾತ್ರ, ಸುಟ್ಟ ಮೇಲೆ ಸುಣ್ಣವಾಗಿ, ತೇವ ತಾಗಿ ಅರಳಿ, ಇಟ್ಟಿಗೆಯ ಮೈಯನ್ನು ಸಿಡಿಸುತ್ತದೆ. ಸುರ್ಕಿಗೆ ಅಂಥ ಇಟ್ಟಿಗೆ ಬೇಡ. ವಿಜಯಪುರದಲ್ಲಿ 1656ರಲ್ಲಿ ಗತಿಸಿದ ಮುಹಮ್ಮದ್ ಆದಿಲ್‌ಶಾಹನ ಗೋಳಗುಮ್ಮಟದ ಮೇಲೆಯೂ ಇತರ ಆದಿಲ್‌ಶಾಹಿ ಕಟ್ಟಡಗಳ ಮೇಲೆಯೂ ಸುಣ್ಣದ ಗಾರೆಯ ಅಲಂಕಾರಗಳು ಇಂದಿಗೂ ಉಳಿದಿರುವುದನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಸುಣ್ಣವು ಸಿಮೆಂಟಿಗಿಂತ ಬಲಹೀನ. ಆದರೂ ಅದು ಹೀರಿದ ನೀರನ್ನು ಸುಲಭವಾಗಿ ಹೊರಕ್ಕೆ ಬಿಡುತ್ತದೆ. ಮುಖ್ಯವಾಗಿ, ಆ ಗಾರೆಯ ಹೂಬಳ್ಳಿಗಳು ತಮ್ಮ ಆಧಾರಕ್ಕೆ ಒಳಗಿನ ಕಬ್ಬಿಣವನ್ನು ನೆಚ್ಚಿದವಲ್ಲ, ಹಿಂದಿನ ಗೋಡೆಯನ್ನು ನೆಚ್ಚಿದವು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಬಗೆಗೆ ಎರಡು ಮಾತು ಸಾಕು. ಗಟ್ಟಿಯಾದ ಮೇಲೆ ಅದು ಜಿಪ್ಸಮ್ಮೇ. ಒಂದು ಲೀಟರು ನೀರು 2 ಗ್ರಾಮಿಗಿಂತ ಸ್ವಲ್ಪ ಹೆಚ್ಚು ಜಿಪ್ಸಮ್ಮನ್ನು ಕರಗಿಸಿಕೊಳ್ಳುತ್ತದೆ. ಯಾವ ಪೂರಕವನ್ನು ಬೆರೆಸಿದರೂ ಅದು ಬಯಲಿಗೆ ಸಲ್ಲದು. ಬೇಗ ಗಟ್ಟಿಯಾಗಲೆಂದು ಅದನ್ನು ಸಿಮೆಂಟಿಗೆ ಬೆರೆಸುವ ಕೆಲವರ ಅಭ್ಯಾಸವಂತೂ ಅಪಾಯಕರ. ಸಿಮೆಂಟಿನ ಅಲ್ಯೂಮಿನೇಟುಗಳೊಡನೆ ಸಲ್ಫೇಟು ಕೂಡಿ, ತೇವವಿದ್ದಾಗಲೆಲ್ಲ ಬೆಳೆಯುವ ಸೂಜಿಯಾಕಾರದ ಹರಳುಗಳು ಹುಟ್ಟಿ ಎರಕವನ್ನು ಒಳಗಿನಿಂದ ಒಡೆಯುತ್ತವೆ.

ಬಲವರ್ಧಕಗಳಲ್ಲಿ ಉಕ್ಕಿನ ಸರಳಿಗೆ ಮೊದಲ ಸ್ಥಾನ. ಅದು ಸಿಮೆಂಟಿನೊಡನೆ ಹೊಂದಿಕೊಳ್ಳಲು ಒಂದು ಕಾರಣವೆಂದರೆ ಕಾವಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದು: ಪ್ರತಿ ಡಿಗ್ರಿಗೆ ದಶಲಕ್ಷದಲ್ಲಿ 10ರಿಂದ 12 ಭಾಗ. ಆದರೆ ಉಕ್ಕು ತುಕ್ಕಾದಾಗ ಅದರ ಗಾತ್ರವು ಮೊದಲಿನ ಎರಡರಿಂದ ಆರು ಪಟ್ಟಿನವರೆಗೆ ಆಗಬಲ್ಲುದು. ಇದನ್ನು ತಡೆಯಲು ಸರಳಿನ ಮೇಲೆ ಸಾಕಷ್ಟು ದಪ್ಪದ ಹೊದಿಕೆ ಬೇಕು. ಭಾರತೀಯ ಮಾನಕ 456ರಂತೆ, ಸಾಧಾರಣವೆಂದು ಗಣಿಸುವ ಮಳೆಗಾಳಿಯ ಪರಿಸರದಲ್ಲಿ ಈ ಹೊದಿಕೆ 30 ಮಿಲಿಮೀಟರು. ಕಾರ್ಬೊನೀಕರಣವು ಒಳಸರಿಯುವ ಆಳವು ಕಾಲದ ವರ್ಗಮೂಲವನ್ನು ಅನುಸರಿಸುವುದರಿಂದ, 4 ವರ್ಷಗಳಲ್ಲಿ 10 ಮಿಲಿಮೀಟರು ಹೋಗುವ ಎರಕದಲ್ಲಿ 20 ಮಿಲಿಮೀಟರು ಹೋಗಲು 16 ವರ್ಷ ಹಿಡಿಯುತ್ತದೆ. ಹೊದಿಕೆಯನ್ನು ಅರ್ಧ ಮಾಡಿದವನು ಮೂರ್ತಿಯ ಆಯುಷ್ಯವನ್ನು ಕಾಲುಭಾಗಕ್ಕೆ ಇಳಿಸುತ್ತಾನೆ.

ಇಲ್ಲಿ ಶಿಲ್ಪಿಯ ಕಷ್ಟವೂ ಅರ್ಥವಾಗತಕ್ಕದ್ದು. 8 ಮಿಲಿಮೀಟರಿನ ಸರಳಿಗೆ ಎರಡೂ ಕಡೆ ಮೂವತ್ತು ಮೂವತ್ತರ ಹೊದಿಕೆ ಕೊಟ್ಟರೆ ಭಾಗದ ದಪ್ಪವು 68 ಮಿಲಿಮೀಟರು ಆಗಬೇಕು. ನಂದಿಯ ಕಿವಿ, ಮೂರ್ತಿಯ ಬೆರಳು, ಹಿಡಿದ ಗ್ರಂಥದ ಅಂಚು, ಜಾಲಂಧ್ರದ ಪಟ್ಟಿ, ಇವುಗಳಲ್ಲಿ ಯಾವುದೂ ಅಷ್ಟು ದಪ್ಪವಿರಲಾರದು. ಬಿರುಕು ಮೊದಲು ಕಾಣಿಸಿಕೊಳ್ಳುವುದು ಈ ಭಾಗಗಳಲ್ಲಿಯೇ ಎಂಬುದು ಆಕಸ್ಮಿಕವಲ್ಲ. ಆದುದರಿಂದ ಏಳು ಸೆಂಟಿಮೀಟರಿಗಿಂತ ತೆಳುವಾದ ಯಾವ ಭಾಗದಲ್ಲಿಯೂ ಸಾದಾ ಸರಳನ್ನು ಇಡಬಾರದೆಂಬ ನಿಯಮವನ್ನು ನಾವು ಸೂಚಿಸುತ್ತೇವೆ. ಸತು ಲೇಪಿಸಿದ ಸಣ್ಣ ತಂತಿಯ ಬಲೆಯನ್ನು ಒತ್ತೊತ್ತಾಗಿ ಇಟ್ಟು ದಟ್ಟವಾದ ಗಾರೆಯಿಂದ ತುಂಬುವ ಫೆರೊಸಿಮೆಂಟಿನ ಪದ್ಧತಿ ಒಂದು ಪರ್ಯಾಯ. ಹತ್ತಿರ ಹತ್ತಿರ ಇರುವ ತಂತಿಗಳು ಬಿರುಕುಗಳನ್ನು ಬಹು ಸಣ್ಣವಾಗಿ ಹಂಚಿಬಿಡುವುದರಿಂದ ಅಲ್ಲಿ ತೆಳುವಾದ ಹೊದಿಕೆಯೂ ನಡೆಯುತ್ತದೆ. ಫ್ರಾನ್ಸಿನ ಲ್ಯಾಂಬೊ ಎಂಬವರು 1848ರಲ್ಲಿಯೇ ಈ ರೀತಿಯಲ್ಲಿ ದೋಣಿಯನ್ನು ಕಟ್ಟಿದ್ದರು. ವೆಚ್ಚವನ್ನು ಸಹಿಸುವವರು ತುಕ್ಕುಹಿಡಿಯದ ಉಕ್ಕನ್ನು ಕೈಬೆರಳಿನಂಥ ಭಾಗಗಳಿಗೆ ಮಾತ್ರ ಬಳಸಬಹುದು. ಬೇಕಾಗುವ ಪ್ರಮಾಣ ಅಲ್ಪವಾದುದರಿಂದ ವೆಚ್ಚವೂ ಅಂಜಿಕೊಳ್ಳುವಷ್ಟಿರುವುದಿಲ್ಲ.

ನಾರುಗಳಲ್ಲಿ ನಮ್ಮ ಸೀಮೆಯ ಪುಂಡಿಯೂ ಸೆಣಬೂ ಬಹು ಹಿಂದಿನಿಂದ ಹಗ್ಗಕ್ಕೆ ಬಂದಿವೆ. ಅವನ್ನು ಕತ್ತರಿಸಿ ಗಾರೆಯಲ್ಲಿ ಬೆರೆಸಿದರೆ ಹಸಿ ಎರಕವು ಒಣಗುವಾಗಿನ ಬಿರುಕು ಕಡಿಮೆಯಾಗುವುದು ನಿಜ. ಬಯಲಿನಲ್ಲಿ ಅವುಗಳ ಮೇಲೆ ಬಹುಕಾಲದ ಭಾರವನ್ನು ಹೊರಿಸಲಾಗದು. ಗೋಣಿಯ ಸೆಣಬಿನ ನಾರು ಸಾಧಾರಣ ಹವೆಯಲ್ಲಿಯೇ ತನ್ನ ಒಣತೂಕದ ಶೇಕಡಾ 13.75ರಷ್ಟು ತೇವವನ್ನು ಇಟ್ಟುಕೊಳ್ಳುವುದೆಂದು ವ್ಯಾಪಾರದ ಲೆಕ್ಕವಿದೆ. ಹತ್ತಿಗೆ ಈ ಲೆಕ್ಕ 8.5. ನೆನೆದಾಗ ನಾರು ದಪ್ಪವಾಗಿ ಎರಕವನ್ನು ನೂಕುತ್ತದೆ, ಒಣಗಿದಾಗ ಕಿರಿದಾಗಿ ಸುತ್ತಲೂ ಸಂದು ಬಿಡುತ್ತದೆ. ಅಲ್ಲದೆ ಸಿಮೆಂಟಿನ ಕ್ಷಾರವು ನಾರಿನ ಲಿಗ್ನಿನ್ ಮೊದಲಾದ ಅಂಶಗಳನ್ನು ಕರಗಿಸಿ ಎಳೆಗಳನ್ನು ಸಡಿಲಿಸುತ್ತದೆ. ಬಿದಿರಿನ ದಬ್ಬೆಗೂ ಜೋಳದ ದಂಟಿನ ಪುಡಿಗೂ ಇದೇ ಆಕ್ಷೇಪಣೆ ಸಲ್ಲುತ್ತದೆ. ಸುಣ್ಣದ ಗಾರೆಯಲ್ಲಿ, ಗೋಡೆಯ ಆಶ್ರಯವಿರುವ ಕಡೆ, ಅವು ಸಲ್ಲಬಹುದು.

ಗಾಜಿನ ನಾರು ನೀರನ್ನು ಹೀರುವುದಿಲ್ಲವಾದರೂ ಸಾಮಾನ್ಯ ಗಾಜನ್ನು ಸಿಮೆಂಟಿನ ಕ್ಷಾರವು ತಿಂದುಹಾಕುತ್ತದೆ. ಇಂಗ್ಲೆಂಡಿನ ಕಟ್ಟಡ ಸಂಶೋಧನಾ ಕೇಂದ್ರದಲ್ಲಿ ಎ. ಜೆ. ಮಜುಮ್‌ದಾರರು 1960ರ ದಶಕದಲ್ಲಿ ಜಿರ್ಕೋನಿಯ ಬೆರೆತ ಗಾಜಿನ ಮೇಲೆ ನಡೆಸಿದ ಕೆಲಸದಿಂದ ಕ್ಷಾರವನ್ನು ತಾಳುವ ನಾರು 1970ರ ದಶಕದ ಆರಂಭದಲ್ಲಿ ಬಳಕೆಗೆ ಬಂತು. ರಾಳಕ್ಕೆಂದು ಮಾರುವ ಗಾಜಿನ ಚಾಪೆಯನ್ನು ಕತ್ತರಿಸಿ ಸಿಮೆಂಟಿನಲ್ಲಿ ಹಾಕಿದರೆ ಕೆಲವು ತಿಂಗಳು ಚೆನ್ನಾಗಿ ಕಂಡು, ಬಳಿಕ ಎರಕವು ಹಪ್ಪಳದಂತೆ ಮುರಿಯುತ್ತದೆ. ಕೊಳ್ಳುವಾಗ ಯಾವ ಗಾಜೆಂದು ಕೇಳಲೇಬೇಕು. ಪಾಲಿಪ್ರೊಪಿಲಿನ್ ನಾರಿಗೆ ನೀರಿನ ಭಯವೂ ಇಲ್ಲ, ಕ್ಷಾರದ ಭಯವೂ ಇಲ್ಲ. ಅದರ ಬಿಗಿತ ಕಡಿಮೆಯಾದುದರಿಂದ ಭಾರ ಹೊರಲಾರದು, ಆದರೆ ತೆಳುವಾದ ಭಾಗಗಳ ಆರಂಭದ ಬಿರುಕನ್ನು ತಡೆಯಲು ಅದು ಅಗ್ಗದ ಸಾಧನ.

ರಾಳದ ಎರಕಗಳು, ಅಂದರೆ ಜನರು ಫೈಬರಿನ ಮೂರ್ತಿಗಳೆನ್ನುವವು, ಈಚೆಗೆ ಹೆಚ್ಚುತ್ತಿವೆ. ಹಗುರವಾದುದರಿಂದ ಎರೆಭೂಮಿಯ ಮೇಲೆ ಭಾರ ಬೀಳದೆಂಬುದು ಇವುಗಳ ಗುಣ. ಪೂರಕವಿಲ್ಲದ ಪಾಲಿಯೆಸ್ಟರ್ ರಾಳವು ಕಾವಿಗೆ ಸಿಮೆಂಟಿನ ಐದಾರು ಪಟ್ಟಿಗಿಂತಲೂ ಹೆಚ್ಚು ಹಿಗ್ಗುತ್ತದೆ. ಸುಣ್ಣಕಲ್ಲಿನ ಅಥವಾ ಬಳಪದ ಕಲ್ಲಿನ ನುಣುಪಾದ ಪುಡಿ ಸೇರಿದಷ್ಟೂ ಈ ಹಿಗ್ಗು ತಗ್ಗುತ್ತದೆ. ಪುಡಿಯು ಪೂರ್ತಿ ಒಣಗಿರಬೇಕು, ಏಕೆಂದರೆ ಅದರಲ್ಲಿಯ ತೇವವು ರಾಳವು ಗಟ್ಟಿಯಾಗುವುದಕ್ಕೆ ಅಡ್ಡಿಮಾಡುತ್ತದೆ. ಮರದ ಹೊಟ್ಟು ಇಲ್ಲಿಯೂ ಸಲ್ಲದು. ನೀರಿನಲ್ಲಿ ಕರಗುವ ಲವಣವೇನಾದರೂ ಪುಡಿಯಲ್ಲಿದ್ದರೆ ಅದು ಹೊರಪದರದ ಮೂಲಕ ತೇವವನ್ನು ಎಳೆದುಕೊಂಡು ಮೈಮೇಲೆ ಬೊಬ್ಬೆಗಳನ್ನು ಎಬ್ಬಿಸುತ್ತದೆ. ಇದನ್ನು ಕಂಡವರು ಬಣ್ಣದ ದೋಷವೆಂದು ತಿಳಿಯುವುದುಂಟು. ಗಾಜಿನ ನಾರಿನ ತುದಿಗಳು ಎಲ್ಲಿಯೂ ಹೊರಕ್ಕೆ ಕಾಣದಂತೆ ರಾಳದಿಂದ ಮುಚ್ಚಿರಬೇಕು, ಇಲ್ಲವಾದರೆ ನೀರು ನಾರಿನ ಉದ್ದಕ್ಕೂ ಒಳನಡೆಯುತ್ತದೆ.

ಎರಕವು ನಿಲ್ಲುವ ನೆಲವನ್ನು ಮರೆತರೆ ಮೇಲಿನ ಎಚ್ಚರಿಕೆಯೆಲ್ಲ ವ್ಯರ್ಥವಾಗುವುದು. ಮುಂಬಯಿಯ ಐಐಟಿಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು ಎರೆಮಣ್ಣಿನ ಉಬ್ಬರವನ್ನು ತಡೆಯಲು ಉಬ್ಬದ ಅಂಟುಮಣ್ಣಿನ ಪದರವನ್ನು ಹಾಸುವ ಉಪಾಯವನ್ನು ರೂಪಿಸಿದರು. ಅದನ್ನು ಮಲಪ್ರಭೆಯ ಕಾಲುವೆಯಲ್ಲಿ ಪ್ರಯೋಗಿಸಲಾಯಿತು. ಪೀಠದ ಕೆಳಗೆ ಎರೆಯನ್ನು ತೆಗೆದು, ಜಾಡಿಯ ಪರೀಕ್ಷೆಯಲ್ಲಿ ಉಬ್ಬದ ಗರಸನ್ನು ತುಂಬಿ ಧಮ್ಮಸ್ಸು ಮಾಡಿ, ಪೀಠಕ್ಕೂ ಮೂರ್ತಿಗೂ ನಡುವೆ ಡಾಂಬರಿನ ಪದರವನ್ನೊಡ್ಡಿದರೆ ನೆಲದ ಉಪ್ಪುನೀರು ಮೇಲೇರದು. ಟೊಳ್ಳಾದ ಮೂರ್ತಿಯ ತಳದಲ್ಲಿ ನೀರು ಬಸಿದುಹೋಗಲು ರಂಧ್ರವಿರಬೇಕು.

ಕಲಸುವ ನೀರಿನಲ್ಲಿ ಕ್ಲೋರೈಡು, ಸರಳಿರುವ ಎರಕಕ್ಕೆ, ಲೀಟರಿಗೆ 500 ಮಿಲಿಗ್ರಾಮನ್ನು ಮೀರಬಾರದು; ಸರಳಿಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಸಿಲ್ವರ್ ನೈಟ್ರೇಟಿನಿಂದ ಇದನ್ನು ಅಳೆಯುವುದು ಪದವಿ ತರಗತಿಯ ಸಾಮಾನ್ಯ ಪ್ರಯೋಗ. ಡೋಣಿಯ ಬದಿಯ ಊರಿನಲ್ಲಿ ಮೂರ್ತಿ ಮಾಡಿಸುವವರಿಗೆ ಕಾಲೇಜಿನ ರಸಾಯನಶಾಸ್ತ್ರ ವಿಭಾಗವು ಈ ಒಂದು ಉಪಕಾರವನ್ನು ಅರ್ಧ ಗಂಟೆಯಲ್ಲಿ ಮಾಡಿಕೊಡಬಲ್ಲುದು. ಆಯ್ದ ಮಿಶ್ರಣದ ಸಣ್ಣ ಬಿಲ್ಲೆಗಳನ್ನು ಎರೆದು, 105 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ತೂಗಿ, 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಿದರೆ ಅದು ಹೀರುವ ನೀರಿನ ಪ್ರಮಾಣ ತಿಳಿಯುವುದು. ಬಿಲ್ಲೆಗಳನ್ನು ಒಂದು ದಿನ ನೀರಿನಲ್ಲಿ, ಒಂದು ದಿನ ಬಿಸಿಲಿನಲ್ಲಿ ಇಡುತ್ತ ಇಪ್ಪತ್ತೈದು ಸರದಿ ನಡೆಸಿ ಉದ್ದವನ್ನೂ ತೂಕವನ್ನೂ ಗುರುತಿಸಿಟ್ಟರೆ ಎರಡು ಪೂರಕಗಳ ತಾರತಮ್ಯವನ್ನು ವಿದ್ಯಾರ್ಥಿಗಳೇ ನಿರ್ಣಯಿಸಬಹುದು. ಒಂದು ಅವಧಿಯ ಪ್ರಾಯೋಗಿಕ ತರಗತಿಗಳಿಗೆ ಇದು ಸಾಕಾದ ಕೆಲಸ.

ಎರಕಕ್ಕೆ ತಕ್ಕ ಕಾಲವೆಂದರೆ ಹಿಂಗಾರು ಕಳೆದ ಮೇಲೆ ನವೆಂಬರಿನಿಂದ ಜನವರಿಯವರೆಗೆ. ಆಗ ಬಾವಿಗಳಲ್ಲಿ ನೀರಿರುತ್ತದೆ, ಬಿಸಿಲಿನ ಉರಿ ಇರುವುದಿಲ್ಲ. ಜಾತ್ರೆಗೆ ಮುನ್ನ ಮುಗಿಯಲೆಂದು ಏಪ್ರಿಲಿನಲ್ಲಿ ಎರೆದ ಮೂರ್ತಿಗೆ ದಿನಕ್ಕೆ ಎರಡು ಸಲ ಕೊಡ ನೀರು ಚೆಲ್ಲಿದರೆ ಅದು ನೀರುಣಿಸಿದಂತಾಗದು. ನಡುವಿನ ಹೊತ್ತಿನಲ್ಲಿ ಮೈ ಒಣಗಿಹೋಗುತ್ತದೆ. ಒದ್ದೆ ಗೋಣಿಯನ್ನು ಸುತ್ತಿ, ಅದರ ಮೇಲೆ ಪ್ಲಾಸ್ಟಿಕಿನ ಹಾಳೆಯನ್ನು ಬಿಗಿದು ಹದಿನಾಲ್ಕು ದಿನ ಇಡಬೇಕು. ಗೋಣಿಯನ್ನು ನೆನೆಸುವ ನೀರೂ ಕಲಸುವ ನೀರಿನಷ್ಟೇ ಸಿಹಿಯಾಗಿರಬೇಕು, ಏಕೆಂದರೆ ಉಪ್ಪುನೀರಿನ ಗೋಣಿಯು ಆ ಹದಿನಾಲ್ಕು ದಿನವೂ ಹಸಿ ಎರಕದೊಳಕ್ಕೆ ಕ್ಲೋರೈಡನ್ನು ಉಣಿಸುತ್ತಿರುತ್ತದೆ.